ಟ್ರಂಕಿನ ಪುಸ್ತಕ ತರಗತಿಗೆ: ಬದಲಿ ಶಿಕ್ಷಕರಾಗಿ ಹೋಗುವವರಿಗೆ ಒಂದು ಮಾರ್ಗದರ್ಶಿ

ಹೋದ ವರ್ಷ ಧಾರವಾಡದ ಹತ್ತಿರದ ಒಂದು ಹಳ್ಳಿಯ ಸರಕಾರಿ ಕನ್ನಡ ಶಾಲೆಯಲ್ಲಿ ಆರು ತಿಂಗಳು ಪಾಠ ಮಾಡಿದೆ. ಅಲ್ಲಿಯ ಅಕ್ಕೋರು ಹೆರಿಗೆ ರಜೆ ಮೇಲೆ ಹೋಗಿದ್ದರು. ಒಂದರಿಂದ ಮೂರನೇ ಇಯತ್ತೆಯವರೆಗಿನ ಇಪ್ಪತ್ತಾರು ಮಕ್ಕಳು, ಮೂರೂ ಇಯತ್ತೆಯವರು ಕೂಡಿ ಚಟುವಟಿಕೆಗಳಿಂದ ಕಲಿಯುವ ಒಂದೇ ನಲಿ-ಕಲಿ ಕೋಣೆ. ನಾಲ್ಕನೇ ದಿನ ಬಿಸಿಯೂಟ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಹಂಚಿನ ಮೇಲೆ ಮಳೆಯ ಸಪ್ಪಳ, ಒಳಗೆ ಮಕ್ಕಳ ಗದ್ದಲ. ನನ್ನ ಚೀಲದಲ್ಲಿ ಒಂದು ಹಳೆಯ ಚಂದಮಾಮ ಇತ್ತು. ಹಿಂದಿನ ವಾರ ತವರಿನ ಟ್ರಂಕಿನಲ್ಲಿ ಸಿಕ್ಕಿದ್ದು. ಬಸ್ಸಿನಲ್ಲಿ ಓದೋಣ ಅಂತ ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಮಕ್ಕಳ ನಡುವೆ ನೆಲದ ಮೇಲೆ ಕೂತು ಬೇತಾಳದ ಕತೆ ಓದತೊಡಗಿದೆ. ವಿಕ್ರಮ ಹೆಣ ಹೊತ್ತು ನಡೆಯುವಾಗ ಒಬ್ಬ ಹುಡುಗ ಸರಿದು ಸರಿದು ಬಂದು ನನ್ನ ಮೊಣಕಾಲಿಗೆ ಒರಗಿದ. "ಭಾರ ಆಗಂಗಿಲ್ಲೇನ್ರಿ ಅಕ್ಕೋರ ಅವಗ?" ಅಂದ.

ಆ ಕತೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೆಣದ ಭಾರ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವತ್ತಿನಿಂದ ಟ್ರಂಕಿನ ಪುಸ್ತಕಗಳು ಒಂದೊಂದಾಗಿ ಶಾಲೆಗೆ ಬಂದವು. ಯಾವುದು ಮಕ್ಕಳಿಗೆ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಹೇಗೆ ಓದಿದರೆ ಕೇಳುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅತಿಥಿ ಶಿಕ್ಷಕರಾಗಿ ಹೋಗುವವರಿಗೆ, ಹದಿನೈದು ದಿನಕ್ಕೋ ಎರಡು ತಿಂಗಳಿಗೋ ಬೇರೆಯವರ ತರಗತಿ ನೋಡಿಕೊಳ್ಳುವವರಿಗೆ ಇದು ಉಪಯೋಗವಾಗಬಹುದು.

ಮೊದಲು ಪುಸ್ತಕ ಹೊರಗೆ ತೆಗೆಯಿರಿ

ತವರಿನ ಟ್ರಂಕು, ನಾಗೊಂದಿಗೆ ಮೇಲಿನ ರಟ್ಟಿನ ಡಬ್ಬಿ, ಅಣ್ಣನ ಮನೆಯ ಕಪಾಟಿನ ಕೆಳಗಿನ ಖಾನೆ. ಎಲ್ಲ ನೋಡಿ. ರದ್ದಿಗೆ ಹೋಗದೆ ಉಳಿದದ್ದು ಒಂದೆರಡಾದರೂ ಸಿಗುತ್ತದೆ.

ಸಿಕ್ಕ ಕೂಡಲೇ ಮಕ್ಕಳ ಕೈಗೆ ಕೊಡಬೇಡಿ. ಬಣ್ಣ ಹಚ್ಚುವ ಒಣ ಬ್ರಶ್‌ನಿಂದ ಪುಟಗಳ ನಡುವಿನ ಧೂಳು ಝಾಡಿಸಿ. ಬೂಸಲು ವಾಸನೆ ಇದ್ದರೆ ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಪುಟ ಬಿಡಿಸಿ ಇಡಿ. ಬಿರುಬಿಸಿಲಿಗೆ ಇಟ್ಟರೆ ಕಾಗದ ಇನ್ನೂ ಹಳದಿಯಾಗಿ ಮುರಿಯುತ್ತದೆ. ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಚ್ಚಿ ತೆಗೆದು, ಅದೇ ತೂತುಗಳಲ್ಲಿ ದಪ್ಪ ನೂಲಿನಿಂದ ಹೊಲಿಯಿರಿ. ಹರಿದ ಪುಟಕ್ಕೆ ಪಾರದರ್ಶಕ ಟೇಪು ಬೇಡ. ಕೆಲವು ವರ್ಷಕ್ಕೆ ಟೇಪು ಉದುರಿ ಅಂಟಿನ ಕಂದು ಕಲೆ ಮಾತ್ರ ಉಳಿಯುತ್ತದೆ. ತೆಳುವಾದ ಬಿಳಿ ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ ಹಚ್ಚಿದರೆ ಸಾಕು. ಹಿಂದೆ ಹುಳ ಬರಬಾರದು ಅಂತ ಆ ಅಂಟಿನಲ್ಲಿ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಮಕ್ಕಳ ಪುಸ್ತಕಕ್ಕೆ ಅದನ್ನು ಹಾಕಬಾರದು. ಮುಟ್ಟಿದರೆ ಪುಡಿಯಾಗುವ ಪುಸ್ತಕವಿದ್ದರೆ ಅದನ್ನು ನೀವೇ ಹಿಡಿದು ಓದಿ. ಮಕ್ಕಳ ಕೈಗೆ ಬೇರೆ ಪ್ರತಿ ಹುಡುಕಿ ಕೊಡಿ.

ಮಕ್ಕಳಿಗೆ ಓದುವ ಮೊದಲು ನೀವು ಓದಿ, ದನಿ ಎತ್ತಿ ಓದಿ

ಇದನ್ನು ಬಿಡಲೇಬಾರದು. ನಮ್ಮ ನೆನಪಿನಲ್ಲಿರುವ ಪುಸ್ತಕದಲ್ಲಿ ನಮಗೆ ಇಷ್ಟವಾದ ನಾಲ್ಕು ಪುಟ ಮಾತ್ರ ಇರುತ್ತವೆ. ಉಳಿದದ್ದು ಅಳಿಸಿ ಹೋಗಿರುತ್ತದೆ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ನನಗೆ ಬಾಯಿಪಾಠ ಅಂತಲೇ ತಿಳಿದಿದ್ದೆ. ನೆನಪಿನಲ್ಲಿ ಇದ್ದದ್ದು ಬರೀ ಇಲಿಗಳು. ಮನೆಯಲ್ಲಿ ಕೂತು ದನಿ ಎತ್ತಿ ಓದಿದಾಗ ಕೊನೆ ಬಂತು. ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿ ಬೆಟ್ಟದೊಳಗೆ ಸೇರಿಬಿಡುತ್ತಾರೆ. ನಡೆಯಲಾಗದ ಒಬ್ಬ ಹುಡುಗ ಮಾತ್ರ ಹಿಂದೆ ಉಳಿಯುತ್ತಾನೆ. ನನ್ನ ತರಗತಿಯಲ್ಲಿ ಒಂದು ಕಾಲಿನಲ್ಲಿ ಬಲವಿಲ್ಲದ ಹುಡುಗ ಇದ್ದ. ಎರಡನೇ ಇಯತ್ತೆ. ಗೋಡೆ ಹಿಡಿದು ನಡೆಯುತ್ತಿದ್ದ. ನಾನು ಆ ಪುಸ್ತಕವನ್ನು ಆ ವಾರ ಒಯ್ಯಲಿಲ್ಲ. ಆ ಪದ್ಯ ಓದುವುದೇ ತಪ್ಪು ಅಂತಲ್ಲ. ನಾನು ಹೊಸ ಅಕ್ಕೋರು, ನಾಲ್ಕು ದಿನದ ಪರಿಚಯ, ಉಳಿದ ಮಕ್ಕಳು ಅವನ ಕಡೆ ತಿರುಗಿ ನೋಡಿದರೆ ಏನು ಮಾಡಬೇಕು ಅಂತ ನನಗೇ ಗೊತ್ತಿರಲಿಲ್ಲ. ನವೆಂಬರ್‌ನಲ್ಲಿ ಓದಿದೆ. ಅಷ್ಟೊತ್ತಿಗೆ ಅವನು ನನಗೆ ಗೊತ್ತಿದ್ದ, ನಾನೂ ಅವನಿಗೆ ಗೊತ್ತಿದ್ದೆ. ಊರಿನವರಿಗೆ ಸುದ್ದಿ ಹೇಳಿದವನು ಯಾರು ಅಂತ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಅವನೇ.

ಹಳೆಯ ಮಕ್ಕಳ ಕತೆಗಳಲ್ಲಿ ಈಗ ಚುಚ್ಚುವ ಮಾತು ಇದ್ದೇ ಇರುತ್ತವೆ. ಮಲತಾಯಿ ಅಂದರೆ ಕೆಟ್ಟವಳೇ. ಕಪ್ಪು ಬಣ್ಣ ಅಂದರೆ ಕುರೂಪ. ದಪ್ಪ ಹುಡುಗ ಅಂದರೆ ನಗೆಪಾಟಲು. ತರಗತಿಯಲ್ಲಿ ಮಲತಾಯಿಯೇ ಬುತ್ತಿ ಕಟ್ಟಿ ಕಳಿಸುವ ಮಗು ಇರಬಹುದು ಅಲ್ವಾ? ಓದುವಾಗ ಇಂಥ ಕಡೆ ಪೆನ್ಸಿಲ್‌ನಿಂದ ಚಿಕ್ಕ ಗುರುತು ಹಾಕಿಕೊಳ್ಳಿ. ಗದ್ಯದ ಕತೆಯಾದರೆ ಆ ಸಾಲು ಬಿಟ್ಟು ಓದಬಹುದು. ಪದ್ಯವನ್ನು ಮಾತ್ರ ತಿದ್ದಲು ಹೋಗಬೇಡಿ. ಲಯ ಕೆಡುತ್ತದೆ, ಮನೆಯಲ್ಲಿ ಅಜ್ಜಿಯಿಂದ ಕೇಳಿ ಬಂದ ಮಗು ತಕ್ಷಣ ಹಿಡಿಯುತ್ತದೆ. ಪದ್ಯ ಹೊಂದದಿದ್ದರೆ ಬೇರೆ ಪದ್ಯ ಆರಿಸಿ.

ಗಡಿಯಾರ ನೋಡಿಕೊಂಡು ಓದುವುದೂ ಮುಖ್ಯ. ಒಂದನೇ ಇಯತ್ತೆಯವರು ಏಳೆಂಟು ನಿಮಿಷ ಕೂತು ಕೇಳುತ್ತಾರೆ, ಮೂರನೆಯವರು ಹದಿನೈದು. ನಿಮ್ಮ ಪ್ರೀತಿಯ ಕತೆಗೆ ಅರ್ಧ ತಾಸು ಬೇಕಾದರೆ ಎಲ್ಲಿ ನಿಲ್ಲಿಸಬೇಕು ಅಂತ ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ.

ಮೂರೇ ಪುಸ್ತಕ ಒಯ್ಯಿರಿ

ಮೊದಲ ತಿಂಗಳಿಗೆ ಮೂರು ಸಾಕು. ಒಂದು ಪದ್ಯದ್ದು, ಒಂದು ದೊಡ್ಡ ಚಿತ್ರಗಳದ್ದು, ಒಂದು ದಿನಾ ಸ್ವಲ್ಪ ಸ್ವಲ್ಪ ಓದುವ ಉದ್ದ ಕತೆಯದ್ದು. ನಾನು ಉಮೇದಿಯಲ್ಲಿ ಒಂದು ಸೋಮವಾರ ಹನ್ನೊಂದು ಪುಸ್ತಕ ಹೊತ್ತುಕೊಂಡು ಹೋದೆ. ಮಕ್ಕಳು ಎಲ್ಲವನ್ನೂ ಒಂದೊಂದು ನಿಮಿಷ ತಿರುವಿ ಬಿಟ್ಟರು. ಮರುದಿನ ಯಾವ ಕತೆಯೂ ಯಾರಿಗೂ ನೆನಪಿರಲಿಲ್ಲ. ಮಕ್ಕಳಿಗೆ ಒಂದು ಪುಸ್ತಕ ತಮ್ಮದು ಅನಿಸಬೇಕಾದರೆ ಅದನ್ನು ನಾಲ್ಕೈದು ಸಲ ಕೇಳಬೇಕು. ನಮಗೂ ಹಾಗೇ ಆಗಿತ್ತು. ನಮ್ಮ ಮನೆಯಲ್ಲಿ ಇದ್ದದ್ದೇ ನಾಲ್ಕು ಪುಸ್ತಕ, ಅವನ್ನೇ ಹರಿಯುವ ತನಕ ಓದಿದೆವು.

ಪದ್ಯಕ್ಕೆ ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ಒಯ್ಯಿರಿ. ಅದರ ಪದಗಳು ಚಿಕ್ಕವು, ಪ್ರಾಸ ಗಟ್ಟಿ, ಒಂದನೇ ಇಯತ್ತೆಯ ಮಗು ಎರಡನೇ ಸಲಕ್ಕೇ ಜೊತೆಗೆ ಹೇಳುತ್ತದೆ. ಪಂಜೆ ಮಂಗೇಶರಾಯರ (1874–1937) ಪದ್ಯಗಳೂ ಹಾಗೇ. ಅವರು ಸ್ವತಃ ಮಾಸ್ತರರಾಗಿ, ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿದವರು. ಮಕ್ಕಳ ನಾಲಗೆ ಎಲ್ಲಿ ತೊಡರುತ್ತದೆ ಅಂತ ಅವರಿಗೆ ಗೊತ್ತಿತ್ತು, ಓದಿದರೆ ತಿಳಿಯುತ್ತದೆ.

ಪದ್ಯದಲ್ಲಿ ಬರುವ ವಸ್ತು ಈಗ ಇಲ್ಲದಿದ್ದರೆ ಅದಕ್ಕೆ ಹತ್ತಿರದ್ದು ಒಯ್ಯಿರಿ. ತಗಡಿನ ತುತ್ತೂರಿ ಯಾವ ಮಗುವೂ ನೋಡಿರಲಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ತಂದ ಒಂದು ಪ್ಲಾಸ್ಟಿಕ್ ಪೀಪಿ ಮನೆಯಲ್ಲಿತ್ತು. ಅದನ್ನು ಊದಿದೆ. ಪಕ್ಕದ ಕೋಣೆಯಿಂದ ಹೆಡ್‌ಮಾಸ್ತರರು ಬಂದು ಬಾಗಿಲಲ್ಲಿ ನಿಂತು, ಪದ್ಯ ಮುಗಿಯುವ ತನಕ ಕೇಳಿ ಹೋದರು.

ಹೆಡ್‌ಮಾಸ್ತರರ ಹತ್ತಿರ ಮೊದಲೇ ಮಾತಾಡಿ

ನಲಿ-ಕಲಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ ಇರುತ್ತದೆ. ಆ ಲೆಕ್ಕ ತಪ್ಪಿಸಬೇಡಿ. ಬಿಸಿಯೂಟದ ನಂತರದ ಇಪ್ಪತ್ತು ನಿಮಿಷ ಮತ್ತು ಶನಿವಾರದ ಮುಂಜಾನೆ ಶಾಲೆಯ ಕೊನೆಯ ಅರ್ಧ ತಾಸು ಕೇಳಿ. ಸಾಮಾನ್ಯವಾಗಿ ಸಿಗುತ್ತದೆ.

ಇನ್ನೊಂದು ಕೇಳಬೇಕಾದ್ದು ಶಾಲೆಯ ಗ್ರಂಥಾಲಯದ ಕಪಾಟಿನ ಕೀಲಿ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಾಗುತ್ತದೆ ಅನ್ನುವ ಅಂಜಿಕೆಯಿಂದ ಎಷ್ಟೋ ಕಡೆ ಅದು ಮುಚ್ಚಿಯೇ ಇರುತ್ತದೆ. "ನಾನೇ ಪಟ್ಟಿ ಮಾಡಿ ಕೊಡ್ತೀನ್ರಿ ಸರ್, ದಿನಾ ಎಣಿಸಿ ಇಡ್ತೀನಿ" ಅಂತ ಹೇಳಿ ನೋಡಿ. ನನಗೆ ಆ ಕಪಾಟಿನಲ್ಲಿ ಶಿವರಾಮ ಕಾರಂತರ 'ಢಂ ಢಂ ಢೋಲು' ಸಿಕ್ಕಿತು. ನಾನು ಮೂರನೇ ಇಯತ್ತೆಯಲ್ಲಿ ಓದಿ ಮರೆತಿದ್ದ ಪುಸ್ತಕ. ಅಲ್ಲೇ ನೆಲಕ್ಕೆ ಕೂತು ಪೂರ್ತಿ ಓದಿ ಎದ್ದೆ.

ಓದುವ ರೀತಿ

ಕುರ್ಚಿ ಬಿಡಿ. ಮಕ್ಕಳ ಮಟ್ಟಕ್ಕೆ ನೆಲದ ಮೇಲೆ ಕೂತುಕೊಳ್ಳಿ, ಬೆನ್ನಿಗೆ ಕಿಟಕಿ ಇರದಂತೆ ನೋಡಿಕೊಳ್ಳಿ. ಹಿಂದಿನಿಂದ ಬೆಳಕು ಬಂದರೆ ಮಕ್ಕಳಿಗೆ ಚಿತ್ರ ಕಪ್ಪಾಗಿ ಕಾಣುತ್ತದೆ. ಪುಸ್ತಕವನ್ನು ಎದೆಯ ಪಕ್ಕಕ್ಕೆ, ಮಕ್ಕಳ ಕಡೆ ಮುಖ ಮಾಡಿ ಹಿಡಿಯಿರಿ. ಹಳೆಯ ಪುಸ್ತಕದ ಅಕ್ಷರ ಸಣ್ಣವು. ಹಿಂದೆ ಕೂತವರಿಗೆ ಕಾಣುವುದಿಲ್ಲ. ಪದೇ ಪದೇ ಬರುವ ಒಂದೆರಡು ಸಾಲನ್ನು ಡ್ರಾಯಿಂಗ್ ಶೀಟಿನ ಮೇಲೆ ದಪ್ಪಗೆ ಬರೆದು ಗೋಡೆಗೆ ಹಚ್ಚಿ. ಆ ಸಾಲು ಬಂದಾಗ ಮಕ್ಕಳೇ ಓದಲಿ. ಇನ್ನೂ ಅಕ್ಷರ ಕೂಡಿಸಲು ಬಾರದ ಮಗುವೂ ಆ ಸಾಲನ್ನು ಬೆರಳಿಟ್ಟು ಹೇಳುತ್ತದೆ. ಅದು ಓದಲ್ಲ, ನೆನಪು ಅಂತ ಅನ್ನಬೇಡಿ. ಓದು ಅಲ್ಲಿಂದಲೇ ಶುರುವಾಗುತ್ತದೆ.

ನಿಧಾನವಾಗಿ ಓದಿ. ನಿಮಗೆ ಜಾಸ್ತಿ ನಿಧಾನ ಅನಿಸಿದರೆ ಮಕ್ಕಳಿಗೆ ಅದು ಸರಿಯಾದ ವೇಗ.

ನಿಲ್ಲಿಸುವ ಜಾಗ ಮೊದಲೇ ಆರಿಸಿಕೊಳ್ಳಿ. ಇದಕ್ಕೆ ಬೇತಾಳದ ಕತೆಗಿಂತ ಒಳ್ಳೆಯದು ಇಲ್ಲ. ಕನ್ನಡದಲ್ಲಿ ಚಂದಮಾಮ 1949ರಲ್ಲಿ ಶುರುವಾಯಿತು. ಈಗ ಅಚ್ಚಾಗುತ್ತಿಲ್ಲ. ಆದರೆ ಬೇತಾಳದ ಕತೆಯ ಕಟ್ಟು ಎಂದೂ ಹಳೆಯದಾಗುವುದಿಲ್ಲ. ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ, ಹೇಳಿದರೆ ಹೆಣ ಮರಕ್ಕೆ ಹಾರುತ್ತದೆ. ಆ ಪ್ರಶ್ನೆ ಬಂದ ಕೂಡಲೇ ಪುಸ್ತಕ ಮುಚ್ಚಿಬಿಡಿ. ಉತ್ತರ ನಾಳೆ. ಮಕ್ಕಳು ರಾತ್ರಿ ಮನೆಯಲ್ಲಿ ಅಪ್ಪ ಅವ್ವನನ್ನು ಕೇಳಿಕೊಂಡು ಬರುತ್ತಾರೆ. ಒಂದು ಮುಂಜಾನೆ ಹೊಲಕ್ಕೆ ಹೊರಟಿದ್ದ ಅಪ್ಪ ಒಬ್ಬರು ಸೈಕಲ್ ನಿಲ್ಲಿಸಿ, "ಅಕ್ಕೋರ, ಮೂರನೇ ಅಣ್ಣ ಹೇಳಿದ್ದ ಖರೆ ಹೌದಲ್ರಿ?" ಅಂತ ಕೇಳಿದರು.

ಇಲ್ಲಿ ಒಂದು ಎಚ್ಚರಿಕೆ. ಒಂದನೇ ಇಯತ್ತೆಯ ಕೆಲವು ಮಕ್ಕಳಿಗೆ ಹೆಣ, ಸ್ಮಶಾನ ಅಂದರೆ ಭಯ. ಮುಖ ನೋಡುತ್ತಾ ಓದಿ. ಹೆದರಿದವರನ್ನು ಹತ್ತಿರ ಕೂಡಿಸಿಕೊಳ್ಳಿ, ಇಲ್ಲವೇ ಆ ಹೊತ್ತಿನಲ್ಲಿ ಅವರಿಗೆ ಚಿತ್ರ ಬರೆಯುವ ಕೆಲಸ ಕೊಡಿ.

ಕತೆ ಮುಗಿದ ಮೇಲೆ "ಈ ಕತೆಯ ನೀತಿ ಏನು?" ಅಂತ ಕೇಳಬೇಡಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ, ಕತೆ ಪಾಠವಾಗಿಬಿಡುತ್ತದೆ. ಪುಣ್ಯಕೋಟಿಯ ಗೋವಿನ ಹಾಡು ಓದಿದ ದಿನ ನಾನು ಏನೂ ಕೇಳಲಿಲ್ಲ, ಸುಮ್ನೆ ಕೂತೆ. ಪುಣ್ಯಕೋಟಿ ಕೊಟ್ಟ ಮಾತಿನಂತೆ ಮರಳಿ ಬಂದದ್ದಕ್ಕೆ ಮಕ್ಕಳಿಗೆ ಕಣ್ಣೀರು ಬರುತ್ತದೆ ಅಂದುಕೊಂಡಿದ್ದೆ. ನನಗೆ ಬಂದದ್ದು ಅಲ್ಲೇ. ಮುಂದಿನ ಸಾಲಿನ ಒಬ್ಬ ಹುಡುಗಿ ಪುಸ್ತಕದ ಕೊನೆಯ ಚಿತ್ರದ ಮೇಲೆ ಬೆರಳಿಟ್ಟಳು. ಹುಲಿ ಬೆಟ್ಟದಿಂದ ಹಾರುವ ಚಿತ್ರ. ಉಗುರಲ್ಲಿ ಇನ್ನೂ ಬಿಸಿಯೂಟದ ಅರಿಷಿಣ ಇತ್ತು. "ಹುಲಿಗೂ ಹಸಿವಾಗಿತ್ತಲ್ರಿ. ಅದ್ಯಾಕ ಸಾಯಬೇಕಿತ್ತು?" ಅಂದಳು. ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಇರಲೂ ಇಲ್ಲ. ಮಕ್ಕಳು ತಾವೇ ಮಾತಾಡಿದರು. ಹುಲಿಗೆ ರೊಟ್ಟಿ ಕೊಡಬಹುದಿತ್ತು ಅಂತ ಒಬ್ಬ, ಹುಲಿ ರೊಟ್ಟಿ ತಿನ್ನಂಗಿಲ್ಲ ಅಂತ ಇನ್ನೊಬ್ಬ. ಮರುದಿನ ಆ ಹುಡುಗಿ ಪಾಟಿಯ ಮೇಲೆ ಹುಲಿ ಮತ್ತು ಎರಡು ಮರಿ ಬರೆದು ತಂದಳು.

ನಮಗೆ ಯಾವ ಪುಟ ಇಷ್ಟವೋ ಅದೇ ಪುಟ ಮಕ್ಕಳಿಗೂ ಇಷ್ಟವಾಗಲಿ ಅಂತ ಒತ್ತಬೇಡಿ. "ಇಲ್ಲಿ ನೋಡ್ರಿ ಎಷ್ಟು ಚಂದ ಐತಿ" ಅಂತ ನಾನೂ ಮೊದಮೊದಲು ಹೇಳುತ್ತಿದ್ದೆ. ಮಕ್ಕಳು ನನ್ನ ಸಂತೋಷಕ್ಕಾಗಿ ಹೌದು ಅನ್ನುತ್ತಿದ್ದರು ಅಷ್ಟೇ. ಬಿಟ್ಟಾಗ ಅವರದೇ ಪುಟ ಹುಡುಕಿಕೊಂಡರು.

ಘಂಟಿ ಹೊಡೆಯಲು ಐದು ನಿಮಿಷ ಉಳಿದಿದ್ದರೆ ಪುಸ್ತಕ ಬೇಡ. ಶಿಶುನಾಳ ಶರೀಫರ ಕೋಡಗನ ಕೋಳಿ ನುಂಗಿದ ಪದ ಹಾಡಿ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶರೀಫರದು ಈ ಭಾಗದ ಮನೆಮನೆಯ ಹಾಡು. ಅದರ ಒಳ ಅರ್ಥ ಈಗ ಬೇಡ. ಯಾವುದು ಯಾವುದನ್ನು ನುಂಗಿತು ಅಂತ ಮಕ್ಕಳೇ ಒಂದೊಂದು ಜೋಡಿ ಕೂಡಿಸುತ್ತಾ ಹೋಗಲಿ. "ಪಾಟಿ ಖಡು ನುಂಗಿತ್ತ" ಅಂತ ನಮ್ಮ ತರಗತಿಯಲ್ಲಿ ಒಬ್ಬ ಕಟ್ಟಿದ. ನೋಡಿ, ಎಷ್ಟು ಸರಿ! ಖಡು ಸವೆದು ಪಾಟಿ ಮೇಲೆ ಅಕ್ಷರವಾಗಿ ಹೋಗುವುದೇ ಅಲ್ವಾ.

ಪುಸ್ತಕದ ಕನ್ನಡ, ಮನೆಯ ಕನ್ನಡ

ನಮ್ಮ ಕಡೆಯ ಮಕ್ಕಳಿಗೆ ಮಕ್ಕಳ ಪುಸ್ತಕದ ಕನ್ನಡ ಸ್ವಲ್ಪ ದೂರದ್ದು. ಪುಸ್ತಕದಲ್ಲಿ ಚಿಟ್ಟೆ, ಮನೆಯಲ್ಲಿ ಪಾತರಗಿತ್ತಿ. ಪುಸ್ತಕದಲ್ಲಿ ರಜೆ, ಬಾಯಲ್ಲಿ ಸೂಟಿ. ಹಾಗಂತ ಪ್ರತಿ ಪದಕ್ಕೂ ಅರ್ಥ ಹೇಳುತ್ತಾ ಹೋದರೆ ಕತೆ ಸಾಯುತ್ತದೆ. ಮೊದಲ ಸಲ ಕತೆಯನ್ನು ಪುಸ್ತಕವಿಲ್ಲದೆ ಮನೆಮಾತಿನಲ್ಲಿ ಹೇಳಿ. ಮರುದಿನ ಪುಸ್ತಕದಲ್ಲಿ ಇದ್ದಂತೆ ಓದಿ. ಕತೆ ಗೊತ್ತಿರುವುದರಿಂದ ಪದಗಳು ತಾವೇ ತಿಳಿಯುತ್ತವೆ.

ವರಕವಿ ಬೇಂದ್ರೆಯವರ ಪಾತರಗಿತ್ತಿ ಪದ್ಯ ಓದಿದಾಗ ಮಕ್ಕಳ ಮುಖ ನೋಡಬೇಕಿತ್ತು. ತಮ್ಮ ಮನೆಯ ಮಾತು ಅಚ್ಚಾದ ಪುಸ್ತಕದಲ್ಲಿ ಇದೆ! ಒಬ್ಬಳು ನನ್ನ ಕೈಯಿಂದ ಪುಸ್ತಕ ತಗೊಂಡು ಆ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ನೋಡಿ ಖಾತ್ರಿ ಮಾಡಿಕೊಂಡಳು. ಧಾರವಾಡದ ಶಾಲೆಯಾದರೆ ಆ ಪದ್ಯ ಬರೆದ ಕವಿ ಇದ್ದದ್ದು ಇಲ್ಲೇ ಸಾಧನಕೇರಿಯಲ್ಲಿ ಅಂತ ಹೇಳಿ. ಆಗುವುದಾದರೆ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಅಲ್ಲೇ ಓದಿ.

ಊರು, ನದಿಯ ಹೆಸರು ಬಂದಾಗಲೂ ಹೀಗೇ ಮಾಡಿ. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ ಬರೆದ ಜರ್ಮನಿಯ ಊರಿನ ಕತೆಯನ್ನು ಕುವೆಂಪು ಕಿಂದರಿಜೋಗಿಯಾಗಿ ತುಂಗಾ ತೀರಕ್ಕೆ ತಂದರು. ಗದಗ, ಹಾವೇರಿ ಕಡೆಯ ಮಕ್ಕಳಿಗೆ ತುಂಗಭದ್ರಾ ಗೊತ್ತು. "ನಿಮ್ಮ ಹೊಳಿಗೆ ಬರೋ ನೀರು ಆ ಇಲಿಗಳು ಮುಳುಗಿದ ಹೊಳಿಯಿಂದಾನ ಬರತೈತಿ" ಅಂತ ಹೇಳಿ ನೋಡಿ. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳಿದ್ದರೆ ಇಲಿಗೆ, ಹುಲಿಗೆ ಅವರ ಮಾತಿನಲ್ಲಿ ಏನು ಅನ್ನುತ್ತಾರೆ ಅಂತ ಕೇಳಿ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಿರಿ.

ಪುಸ್ತಕ ಸಿಗದಿದ್ದರೆ

ಟ್ರಂಕಿನಲ್ಲಿ ಏನೂ ಉಳಿದಿಲ್ಲವೇ? ಧಾರವಾಡದ ಸುಭಾಸ ರಸ್ತೆ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಿ. ಹಳೆಯ ಮಕ್ಕಳ ಪದ್ಯಗಳು ಮರುಮುದ್ರಣವಾಗುತ್ತಲೇ ಇರುತ್ತವೆ. ಹಳೆಯ ಚಂದಮಾಮದ ಸಂಚಿಕೆಗಳನ್ನು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ನೋಡಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಹೊಸ ಕನ್ನಡ ಕತೆಗಳು ಚಿತ್ರದ ಸಮೇತ ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ.

ಪುಸ್ತಕ ಪೂರ್ತಿ ಝೆರಾಕ್ಸ್ ಮಾಡಿ ಹಂಚುವ ಮೊದಲು ಒಂದು ಮಾತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆಯವರ ಪದ್ಯ ಈಗ ಎಲ್ಲರದು. 1979ರಲ್ಲಿ ತೀರಿಕೊಂಡ ರಾಜರತ್ನಂ ಅವರದು ಇನ್ನೂ ಅಲ್ಲ. ಪಾಠಕ್ಕೆ ಒಂದು ಪದ್ಯ ಬೋರ್ಡಿನ ಮೇಲೆ ಬರೆದರೆ ತೊಂದರೆಯಿಲ್ಲ. ಪುಸ್ತಕ ಬೇಕಾದರೆ ಕೊಂಡುಕೊಳ್ಳಿ, ಬೆಲೆ ಏನೂ ಜಾಸ್ತಿ ಇರುವುದಿಲ್ಲ.

ಬಿಟ್ಟು ಬರುವ ಮುಂಚಿನ ವಾರ

ನೀವು ಹೋದ ಮೇಲೆ ಪುಸ್ತಕಗಳೂ ಹೋಗಿಬಿಟ್ಟರೆ ಮಕ್ಕಳಿಗೆ ಎರಡು ಸಲ ಕಳಕೊಂಡಂತೆ. ಅದಕ್ಕೇ ಕೊನೆಯ ವಾರ ಶುರುವಾಗುವ ಮೊದಲೇ ವ್ಯವಸ್ಥೆ ಮಾಡಿ. ಕೋಣೆಯ ಮೂಲೆಯಲ್ಲಿ ಮಕ್ಕಳ ಸೊಂಟದ ಎತ್ತರಕ್ಕೆ ಒಂದು ದಾರ ಕಟ್ಟಿ ಪುಸ್ತಕ ಅಡ್ಡ ಹಾಕಿ. ಮಕ್ಕಳು ಮಾಡಿದ್ದನ್ನು ತೂಗುಹಾಕಲು ತಲೆಯ ಮೇಲೆ ಕಟ್ಟುವ ಕಲಿಕಾ ಚಪ್ಪರದ ದಾರದಂಥದ್ದೇ, ಆದರೆ ಕೈಗೆ ಎಟುಕುವಂತೆ. ನೂರು ಪುಟದ ಒಂದು ನೋಟ್‌ಬುಕ್ ಇಡಿ. ಪುಸ್ತಕ ಮನೆಗೆ ಒಯ್ಯುವ ಮಗು ತನ್ನ ಹೆಸರು ಬರೆಯಲಿ. ಹೆಸರು ಬರೆಯಲು ಬಾರದವರು ತಮ್ಮದೊಂದು ಗುರುತಿನ ಚಿತ್ರ ಬರೆಯಲಿ. ಅದನ್ನು ನೋಡಿಕೊಳ್ಳುವ ಕೆಲಸ ಮೂರನೇ ಇಯತ್ತೆಯ ಇಬ್ಬರಿಗೆ ಒಪ್ಪಿಸಿ. ನಮ್ಮಲ್ಲಿ ಆರು ತಿಂಗಳಲ್ಲಿ ಒಂದೇ ಪುಸ್ತಕ ಕಳೆಯಿತು. ಅದೂ ಮೇಕೆ ತಿಂದದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿದೆ, ಪಕ್ಕದಲ್ಲಿ ಮೇಕೆಯ ಚಿತ್ರವೂ ಇದೆ.

ಮರಳಿ ಬರುವ ಅಕ್ಕೋರಿಗೆ ಒಂದು ಪುಟದ ಚೀಟಿ ಬರೆದಿಡಿ. ಯಾವ ಮಗು ಯಾವ ಪುಸ್ತಕ ಪದೇ ಪದೇ ಕೇಳುತ್ತದೆ, ಯಾರಿಗೆ ಬೇತಾಳ ಅಂದರೆ ಭಯ, ಉದ್ದ ಕತೆ ಯಾವ ಪುಟಕ್ಕೆ ನಿಂತಿದೆ. ನನ್ನದು ನಲವತ್ತೆರಡನೇ ಪುಟಕ್ಕೆ ನಿಂತಿತ್ತು. ಅಲ್ಲಿ ಒಣಗಿದ ಬೇವಿನ ಎಲೆ ಇಟ್ಟು ಬಂದೆ.